ಹುಲುಗಪ್ಪ ಕಾಯ್ದ ಕಲ್ಲು

ಯುದ್ಧದ ಕಾಲದಲ್ಲಿ ಇಟಲಿಯ ಸೈನಿಕರನ್ನು ಸೆರೆಹಿಡಿದು ತಂದು ನಮ್ಮ ಬಳ್ಳಾರಿಯ ಬಿಸಿಲಿನಲ್ಲಿ ಇಟ್ಟಿದ್ದರು. ಯುದ್ಧ ಮುಗಿದ ಮೇಲೆ ಬದುಕಿದವರು ಊರಿಗೆ ಹೋದರು, ಸತ್ತವರು ಕಂಟೋನ್ಮೆಂಟಿನಲ್ಲೇ ಉಳಿದರು. ಅವರಿಗೆ ಸಾಲಾಗಿ ಕಲ್ಲು ನೆಟ್ಟು, ನಡುವೆ ಒಂದು ಸ್ಮಾರಕ ಕಂಬ ನಿಲ್ಲಿಸಿ, ಸುತ್ತ ಗೋಡೆ ಕಟ್ಟಿ, ಕಾಯಲು ಹುಲುಗಪ್ಪನನ್ನು ನೇಮಿಸಿದರು. ನೇಮಿಸಿದರು ಅನ್ನುವುದಕ್ಕಿಂತ ಅವನೇ ಹೋಗಿ ಬೇಡಿಕೊಂಡ ಅನ್ನಬೇಕು. ಕುರುಗೋಡಿನಲ್ಲಿ ಮನೆ ಮಠ ಇದ್ದವನಿಗೆ ಪರದೇಶಿಗಳ ಗೋರಿ ಕಾಯುವ ಹಂಬಲ ಯಾಕೆ ಬಂತೋ ಎಂದು ಜನ ಆಡಿಕೊಂಡರು. ನಾನೂ ಆಡಿಕೊಂಡವನೇ.

ಅವನು ಮದುವೆಯಾಗಲಿಲ್ಲ. ಅಮಾವಾಸ್ಯೆಗೊಮ್ಮೆ ಕಲ್ಲುಗಳಿಗೆಲ್ಲ ಸುಣ್ಣ ಬಳಿಯುತ್ತಿದ್ದ. ಮಧ್ಯಾಹ್ನ ಮೂರನೇ ಸಾಲಿನ ಕೊನೆಯ ಕಲ್ಲಿನ ಹತ್ತಿರ ಕೂತು ಬುತ್ತಿ ಬಿಚ್ಚಿ, ಮೊದಲ ತುತ್ತು ರೊಟ್ಟಿಯನ್ನು ಕಲ್ಲಿನ ಬುಡಕ್ಕೆ ಇಡುತ್ತಿದ್ದ. ಇರುವೆಗಳ ಮೇಲೆ ಇಷ್ಟು ಕನಿಕರ ಒಳ್ಳೆಯದಲ್ಲಪ್ಪಾ ಎಂದು ಒಮ್ಮೆ ಚೇಷ್ಟೆ ಮಾಡಿದ್ದೆ. ಅವನು ನಗಲೂ ಇಲ್ಲ, ಮುನಿಯಲೂ ಇಲ್ಲ. ಅವನ ಮುಖದಲ್ಲಿ ಯಾವಾಗಲೂ ದೂರದಿಂದ ನಡೆದು ಬಂದವನ ದಣಿವು ಇರುತ್ತಿತ್ತು.

ಆಗಾಗ ದೊರೆಗಳು, ಪಾದ್ರಿಗಳು ಆ ಸ್ಮಾರಕ ನೋಡಲು ಬರುತ್ತಿದ್ದರು. ಬಂದವರಿಗೆ ಕುರುಗೋಡು ಗುಡ್ಡದ ಕಾವಿಗಣಿಯನ್ನೂ ನೋಡುವ ಆಸೆ. ಕೆಂಪು ಬಣ್ಣದ ಕಲ್ಲಿಗಾಗಿ ಗುಡ್ಡದ ಹೊಟ್ಟೆಗೆ ಕೊರೆದ ಗಣಿ ಅದು. ಯುದ್ಧದ ವರ್ಷಗಳಲ್ಲಿ ಅಲ್ಲಿನ ನೀರೆತ್ತುವ ಯಂತ್ರ ನೋಡಿಕೊಳ್ಳಲು ಸೆರೆಯಾಳುಗಳನ್ನು ಕಳಿಸುತ್ತಿದ್ದರು. ಹುಲುಗಪ್ಪ ಅದೇ ಗಣಿಯಲ್ಲಿ ದುಡಿದವನಾದ್ದರಿಂದ ದಾರಿ ತೋರಿಸುವ ಕೆಲಸವೂ ಅವನ ತಲೆಗೇ ಬಂತು. ಬೆಳಿಗ್ಗೆ ಸ್ಮಾರಕ, ಆಮೇಲೆ ಬಾಡಿಗೆ ಮೋಟಾರಿನಲ್ಲಿ ಗಣಿ, ಸಂಜೆ ರೈಲಿನ ಹೊತ್ತಿಗೆ ವಾಪಸು. ಇಂಗ್ಲಿಷ್ ಪಾಠ ಹೇಳುತ್ತೇನೆಂಬ ಒಂದೇ ತಪ್ಪಿಗೆ ಕೊಟ್ರಬಸಪ್ಪ ಮಾಸ್ತರನಾದ ನನ್ನನ್ನೂ ಪ್ರತಿಸಲ ಮೋಟಾರಿಗೆ ತುಂಬುತ್ತಿದ್ದರು. ಅವನು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು.

ಅವನು ಹೇಳುತ್ತಿದ್ದುದು ಗಿಳಿಪಾಠ. ನಲವತ್ತಮೂರರ ಬೇಸಿಗೆಯಲ್ಲಿ ಗಣಿಯ ಮಾಡು ಕುಸಿಯಿತು. ಇಬ್ಬರು ಸತ್ತರು. ಒಬ್ಬ ನಮ್ಮಣ್ಣ ಹೊನ್ನೂರಪ್ಪ, ಇನ್ನೊಬ್ಬ ಎಲಿಯೊ ಎಂಬ ಸೆರೆಯಾಳು. ಅಣ್ಣನನ್ನು ಕುರುಗೋಡಿನಲ್ಲಿ ಮಣ್ಣು ಮಾಡಿದರು, ಎಲಿಯೊನನ್ನು ಕಂಟೋನ್ಮೆಂಟಿಗೆ ಒಯ್ದರು. ಇಷ್ಟೇ. ಏಳೆಂಟು ಸಲ ಹೇಳಿ ಹೇಳಿ ನನಗೆ ಎಷ್ಟು ಬಾಯಿಪಾಠವಾಗಿತ್ತೆಂದರೆ ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಇಂಗ್ಲಿಷಿನಲ್ಲಿ ಮುಗಿಸುತ್ತಿದ್ದೆ. ನಮ್ಮ ಸಾಲೆಯ ಹುಡುಗರಿಗೆ ಹಾಗೆ ಮಾಡಬೇಡಿರೆಂದು ಬೈಯುವವನು ನಾನೇ.

ಆ ಪಾಠದಲ್ಲಿ ಒಂದು ಸುಳ್ಳಿತ್ತು. ನನಗೆ ಆಗ ಗೊತ್ತಿರಲಿಲ್ಲ. ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಹೆಣಗಳನ್ನು ಹೊರತೆಗೆಯಲು ನಾಲ್ಕು ದಿನ ಹಿಡಿಯಿತು. ಎರಡೂ ಬಾತುಹೋಗಿದ್ದವು, ಮುಖಗಳು ಜಜ್ಜಿಹೋಗಿದ್ದವು, ಅಡಿಯಿಂದ ಮುಡಿಯವರೆಗೆ ಕಾವಿ. ಬಿಳಿ ಯಾರು, ಕರಿ ಯಾರು ಎಂದು ಹೇಳುವಂತಿರಲಿಲ್ಲ. ನಿಮ್ಮವನು ಯಾರು ತೋರಿಸು ಎಂದು ಬಂದೂಕಿನವರು ಅವಸರ ಮಾಡಿದಾಗ ಹುಲುಗಪ್ಪ ಒಬ್ಬನ ಸೊಂಟದಲ್ಲಿ ಕರಿ ಉಡಿದಾರ ನೋಡಿದ, ಇವನೇ ನಮ್ಮಣ್ಣ ಎಂದ. ಉಡಿದಾರ ಇಲ್ಲದ ಗಂಡಸು ನಮ್ಮ ಕಡೆ ಉಂಟೆ? ಹುಟ್ಟಿದ ಕೂಸಿಗೆ ಕಟ್ಟಿದ್ದು ಸಾಯುವವರೆಗೆ ಬಿಚ್ಚುವಂತಿಲ್ಲ. ಅಕಾಲದಲ್ಲಿ ಸತ್ತವನ ಹೆಣವನ್ನು ಮನೆಗೆ ತರಬಾರದು, ಮೈ ತೊಳೆಯಬಾರದು, ಹೆಂಡತಿಗೆ ತೋರಿಸಬಾರದು ಎಂದು ಹಿರಿಯರು ಗಣಿಯಿಂದ ನೇರ ಮಣ್ಣಿಗೆ ಒಯ್ದರು.

ಮಣ್ಣು ಮಾಡಿದ ಮೂರನೇ ದಿನ ಹೊನ್ನೂರಪ್ಪನ ಹೆಂಡತಿ ಈರಮ್ಮ ಕೇಳಿದಳಂತೆ, ಗುರುತು ಹೇಗೆ ಹಿಡಿದೆ ಎಂದು. ಉಡಿದಾರದಿಂದ ಎಂದಾಗ ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಗಂಡ ಅಂದು ಬರಿ ಸೊಂಟದಲ್ಲಿ ಕೆಲಸಕ್ಕೆ ಹೋಗಿದ್ದ. ಎಲಿಯೊನಿಗೆ ವಾರದಿಂದ ವಿಪರೀತ ಹೊಟ್ಟೆನೋವು. ಸೊಂಟದಲ್ಲಿ ದಾರ ಇಲ್ಲದಿದ್ದರೆ ಇನ್ನೇನಾಗುತ್ತದೆ ಎಂದು ಹೊನ್ನೂರಪ್ಪ ಎರಡು ದಿನ ಮುಂಚೆ ತನ್ನದನ್ನೇ ಬಿಚ್ಚಿ ಅವನಿಗೆ ಕಟ್ಟಿ ಬಂದಿದ್ದ. ಸೋಮವಾರ ಕಟ್ಟಲೆಂದು ಅವಳು ಹೊಸದನ್ನು ಹೊಸೆಯುತ್ತಿದ್ದಳು.

ಹೇಳುವುದಾದರೂ ಯಾರಿಗೆ? ಅಷ್ಟೊತ್ತಿಗೆ ಕಂಟೋನ್ಮೆಂಟಿನಲ್ಲಿ ಮರ್ಯಾದೆಗೆಂದು ಬಂದೂಕು ಹಾರಿಸಿ ಹೊನ್ನೂರಪ್ಪನನ್ನು ಎಲಿಯೊ ಎಂದು ಹುಗಿದು ಆಗಿತ್ತು. ಕೂಲಿಯವಳ ದಾರದ ಮಾತು ಕೇಳಿ ಸರ್ಕಾರ ಗೋರಿ ಅಗೆಯುತ್ತದೆಯೇ? ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಸಿರುಗುಪ್ಪದಿಂದ ಈರಮ್ಮನ ತವರಿನವರು ಎರಡು ಸಲ ಬಂದು ಕರೆದರು. ನದಿ ದಂಡೆಯ ಊರು, ಭತ್ತದ ಗದ್ದೆ, ಅನ್ನಕ್ಕೆ ಕೊರತೆಯಿಲ್ಲ. ಅವಳು ಹೋಗಲಿಲ್ಲ. ಅವಳು ಕುರುಗೋಡಿನಲ್ಲಿ ಅವರವನ ಮಣ್ಣಿನ ಗುಡ್ಡೆ ಕಾದಳು, ಹುಲುಗಪ್ಪ ಬಳ್ಳಾರಿಯಲ್ಲಿ ತಮ್ಮವನ ಕಲ್ಲು ಕಾದ.

ಐವತ್ತೆರಡರ ಫಾಲ್ಗುಣದಲ್ಲಿ ಎಲಿಯೊನ ಅಕ್ಕ ಲುಚಿಯಾ ಬಂದಳು. ಐವತ್ತು ದಾಟಿದ ಹೆಂಗಸು, ತನ್ನೂರಿನಲ್ಲಿ ನನ್ನಂತೆಯೇ ಸಾಲೆ ಮಾಸ್ತರಿಕೆ, ಇಂಗ್ಲಿಷ್ ಬಲ್ಲವಳು. ತಮ್ಮನ ಎಲುಬುಗಳನ್ನು ಊರಿಗೆ ಒಯ್ಯಲು ಅಪ್ಪಣೆ ಪತ್ರ ತಂದಿದ್ದಳು. ಮರುದಿನ ಬೆಳಿಗ್ಗೆ ಆಳುಗಳು ಬಂದು ಅಗೆಯುವುದೆಂದು ಗೊತ್ತಾಗಿತ್ತು. ಅದಕ್ಕೆ ಮೊದಲು ತಮ್ಮ ಸತ್ತ ಜಾಗ ನೋಡಬೇಕೆಂದಳು.

ಸ್ಮಾರಕದ ಹತ್ತಿರ ಅವಳು ಮೂರನೇ ಸಾಲಿನ ಕೊನೆಯ ಕಲ್ಲಿನ ಮುಂದೆ ಮೊಣಕಾಲೂರಿ ಕೂತಿದ್ದಾಗ ಹುಲುಗಪ್ಪ ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದ.

"ನಾಳಿಗೇ ಅಗೀತಾರೇನ್ರಿ ಮಾಸ್ತರ್ರ?"

ಹೌದು, ಎಲುಬು ತುಂಬುವ ತಗಡಿನ ಪೆಟ್ಟಿಗೆ ಕೂಡ ಬಂದಿದೆ ಎಂದೆ. ಮೋಟಾರು ಹತ್ತುವಾಗ ಮತ್ತೆ ಅದನ್ನೇ ಕೇಳಿದ. ನನಗೆ ರೇಗಿತು. ಒಮ್ಮೆ ಹೇಳಿದರೆ ತಿಳಿಯುವುದಿಲ್ಲವೇ ಎಂದುಬಿಟ್ಟೆ.

ಹದಿನೆಂಟು ಮೈಲಿಯ ದಾರಿಯಲ್ಲಿ ಎರಡು ಸಲ ಚಕ್ರದ ಗಾಳಿ ಹೋಯಿತು. ಗಣಿ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲೆ. ಹುಲುಗಪ್ಪ ಕಂದೀಲು ಹಚ್ಚಿ ಮುಂದೆ ನಡೆದ, ಲುಚಿಯಾ ನಡುವೆ, ನಾನು ಕೆಮ್ಮುತ್ತ ಹಿಂದೆ. ಕಲ್ಲು ಕುಸಿದು ದಾರಿ ಮುಚ್ಚಿದ ಜಾಗದಲ್ಲಿ ಅವನು ನಿಂತ. ಕಂದೀಲನ್ನು ನೆಲಕ್ಕಿಟ್ಟು ಮಾತು ಶುರು ಮಾಡಿದ. ನಾನೂ ಶುರು ಮಾಡಿದೆ. ಎಂದಿಗಿಂತ ಅವನ ಮಾತು ಉದ್ದವಾಯಿತು, ದನಿ ನಡುಗುತ್ತಿತ್ತು. ನಾನು ಗಮನ ಕೊಡಲಿಲ್ಲ. ಗಂಟಲಲ್ಲಿ ಕಾವಿಧೂಳು, ಕಾಲಿನಲ್ಲಿ ನೋವು, ತಲೆಯಲ್ಲಿ ಮರುದಿನ ತಿದ್ದಬೇಕಾದ ಪರೀಕ್ಷೆಯ ಕಾಗದಗಳು. ಇಬ್ಬರು ಸತ್ತರು, ಒಬ್ಬ ಇವನ ಅಣ್ಣ, ಅವನನ್ನು ಕುರುಗೋಡಿನಲ್ಲಿ ಮಣ್ಣು ಮಾಡಿದರು, ನಿಮ್ಮ ತಮ್ಮನನ್ನು ಕಂಟೋನ್ಮೆಂಟಿಗೆ ಒಯ್ದರು ಎಂದು ನನ್ನ ಪಾಠ ಒಪ್ಪಿಸಿ ಮುಗಿಸಿದೆ. ಲುಚಿಯಾ ತಲೆದೂಗಿ ಹುಲುಗಪ್ಪನ ಎರಡೂ ಕೈ ಹಿಡಿದುಕೊಂಡಳು. ಅಣ್ಣನನ್ನು ಕಳೆದುಕೊಂಡವನ ಮೇಲೆ ಮರುಕಪಟ್ಟಳು, ಅಷ್ಟೆ. ಅವನು ಗೋಡೆಗೆ ಹಣೆಯಿಟ್ಟು ಅಳತೊಡಗಿದ. ಇಷ್ಟು ವರ್ಷ ಅಳದವನು ಇವತ್ತೇಕೆ ಅತ್ತ ಎಂದು ಕೂಡ ನಾನು ಕೇಳಲಿಲ್ಲ. ಬೇಗ ಹೊರಗೆ ಹೋದರೆ ಸಾಕಾಗಿತ್ತು.

ಹೊರಬಂದ ಮೇಲೆ ಅವನು ಡ್ರೈವರನಿಗೆ ಹೇಳಿ ಮೋಟಾರನ್ನು ಬಳ್ಳಾರಿಯ ಕಡೆಗಲ್ಲ, ಊರಾಚೆಯ ಮಣ್ಣಿನ ದಾರಿಗೆ ತಿರುಗಿಸಿದ. ಕುರುಗೋಡಿನ ಸ್ಮಶಾನದ ಅಂಚಿನಲ್ಲಿ ಸಗಣಿ ಸಾರಿಸಿದ ಒಂದು ಗುಡ್ಡೆ, ಪಕ್ಕದಲ್ಲಿ ಈರಮ್ಮ. ಲುಚಿಯಾ ನನ್ನ ಕಡೆ ತಿರುಗಿ, ಇದು ಇವನ ಅಣ್ಣನ ಗೋರಿಯೇ ಎಂದು ಕೇಳಿದಳು. ಹೌದು ಎಂದೆ. ಅವಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಪರರ ಗೋರಿಗೆ ಕೊಡುವಷ್ಟು ಮರ್ಯಾದೆ ಕೊಟ್ಟು ದೂರ ನಿಂತಳು. ಹುಲುಗಪ್ಪ ಅವಳನ್ನೇ ನೋಡುತ್ತಿದ್ದ. ಮುಖ ಸಣ್ಣದಾಯಿತು.

"ಅಕ್ಕಾರು ಯಾಕ ದೂರ ನಿಂತ್ರು? ನಾ ಗಣಿಯಾಗ ಹೇಳಿದ್ದು ಅವ್ರಿಗೆ ಹೇಳಿದ್ರಿ ಹೌದಿಲ್ರಿ?"

"ಏನು ಹೇಳಿದ್ದೆಯಪ್ಪಾ?" ಎಂದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವನು ಬೈಯಲಿಲ್ಲ. ಒಂಬತ್ತು ವರ್ಷ ಹೊತ್ತು ಕಡೆಗೂ ಇಳಿಸಿದ ಹೊರೆಯನ್ನು ಮತ್ತೆ ಎತ್ತಿಕೊಂಡವನಂತೆ ನಿಧಾನವಾಗಿ ಹೇಳಿದ.

"ಆ ಕಲ್ಲಿನ ಬುಡಕ ಇರಾವ ನಮ್ಮಣ್ಣ. ಅವ್ರ ತಮ್ಮ ಇಲ್ಲಿ ಅದಾನ. ಹೆಣ ತೋರಿಸಿದಾವ ನಾನು, ತಪ್ಪು ನಂದು. ನಾಳಿ ಅವ್ರು ನಮ್ಮಣ್ಣನ್ನ ಒಯ್ದು, ತಮ್ಮನ್ನ ಬಿಟ್ಟು ಹೋಕ್ಕಾರ. ಅದಾಗಬಾರದು."

ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನು ಅಂದು ಒಂದೊಂದೇ ಮಾತನ್ನು ಅವನ ಬಾಯಿಂದ ಇಸಿದುಕೊಂಡು, ಮಗ್ಗಿ ಕಲಿಯುವ ಹುಡುಗನ ಹಾಗೆ ಲುಚಿಯಾಗೆ ದಾಟಿಸಿದೆ. ಮೊದಲು ನಾನು ಮಾಡಿದ ತಪ್ಪನ್ನು ಹೇಳಿದೆ, ಆಮೇಲೆ ಅವನದನ್ನು.

ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ? ಸರ್ಕಾರದ ಕಾಗದ ಒಂದು ಹೇಳುತ್ತದೆ, ಈ ಮುದುಡಿದ ಮನುಷ್ಯ ಇನ್ನೊಂದು ಹೇಳುತ್ತಾನೆ. ಗುರುತೇನು ಎಂದು ಕೇಳಿದಳು. ಈರಮ್ಮ ಉತ್ತರ ಕೊಟ್ಟಳು. ಉಡಿದಾರಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ತಿಳಿಯದೆ ನಾನು ಸೊಂಟದ ಸುತ್ತ ಬೆರಳಾಡಿಸಿ ತೋರಿಸಿದೆ. ಕರಿ ದಾರ, ಹೊಟ್ಟೆನೋವು, ಗೆಳೆಯ ಬಿಚ್ಚಿ ಕಟ್ಟಿದ್ದು.

ಲುಚಿಯಾಳ ಕೈಚೀಲ ಕೆಳಗೆ ಬಿತ್ತು. ಎಲಿಯೊ ಬರೆದ ಕೊನೆಯ ಕಾಗದ ಅವಳಿಗೆ ಬಾಯಿಪಾಠವಾಗಿತ್ತು. ಗಣಿಯ ಗೆಳೆಯನೊಬ್ಬ ನನ್ನ ಸೊಂಟಕ್ಕೆ ಕರಿ ದಾರ ಕಟ್ಟಿದ್ದಾನೆ, ನೋವು ನಿಂತಿದೆ, ನಗಬೇಡ ಅಕ್ಕಾ ಎಂದು ಅದರಲ್ಲಿತ್ತು. ಬಿಸಿಲಿಗೆ ಮಗನ ತಲೆ ಕೆಟ್ಟಿದೆ ಎಂದು ಅವರ ತಾಯಿ ಅತ್ತಿದ್ದಳಂತೆ. ಹಾಗೆಂದು ನನಗೆ ಹೇಳುತ್ತ ಹೇಳುತ್ತಲೇ ಲುಚಿಯಾ ಗುಡ್ಡೆಯ ಹತ್ತಿರ ಹೋಗಿ, ಸಾರಿಸಿದ ಮಣ್ಣಿನ ಮೇಲೆ ಅಂಗೈಗಳನ್ನು ಊರಿ ಕೂತಳು.

ಈರಮ್ಮ ಅವಳ ಪಕ್ಕಕ್ಕೆ ಕೂತು ನನಗೆ ಹೇಳಿದಳು. "ದೀಪ ತಪ್ಪಿಸಿಲ್ಲ ಅಂತ ಹೇಳ್ರಿ ಅಕ್ಕಾರಿಗೆ. ತಾಯಿ ದೂರ ಅದಾಳಂತ ಅವನ್ನ ನಾ ಬಿಟ್ಟಿಲ್ಲ."

ಒಂದು ಮಾತೂ ಬಿಡದೆ ಅದನ್ನು ಲುಚಿಯಾಗೆ ದಾಟಿಸಿದೆ.

ಮೋಟಾರು ಬಳ್ಳಾರಿಯ ಕಡೆಗೆ ತಿರುಗಿತು. ಇದು ಕಚೇರಿಗೆ ತಿಳಿದರೆ ಎರಡೂ ಗೋರಿ ಅಗೆಯುತ್ತಾರೆ, ವಿಚಾರಣೆ ಆಗುತ್ತದೆ, ಹುಲುಗಪ್ಪನನ್ನು ಸುಮ್ಮನೆ ಬಿಡುವುದಿಲ್ಲ ಎಂದಷ್ಟೇ ನಾನು ಲುಚಿಯಾಗೆ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹುಲುಗಪ್ಪ ಮುಂದಿನ ಸೀಟಿನಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ. ಅವನು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಳಿಗ್ಗೆ ಆಳುಗಳು ಸನಿಕೆ ಹಿಡಿದು ನಿಂತಿದ್ದರು. ಪೆಟ್ಟಿಗೆ ತೆರೆದಿತ್ತು. ಲುಚಿಯಾ ಬಂದವಳೇ ಅಧಿಕಾರಿಗೆ ಅಗೆಯುವುದು ಬೇಡ ಎಂದಳು. ನನ್ನ ತಮ್ಮನನ್ನು ಇವರು ಮನೆಯವರಿಗಿಂತ ಚೆನ್ನಾಗಿ ನೋಡಿಕೊಂಡಿದ್ದಾರೆ, ಅವನು ಇರುವಲ್ಲೇ ಇರಲಿ ಎಂದು ಬರೆದು ಸಹಿ ಹಾಕಿದಳು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಧಿಕಾರಿ ಗೊಣಗುತ್ತ ಆಳುಗಳನ್ನು ಕಳಿಸಿದ.

ಹೊರಡುವ ಮುಂಚೆ ಅವಳು ನನ್ನನ್ನು ಒಂದು ಮಾತು ಕೇಳಿದಳು, ದಾರ ಕಟ್ಟಿದವನ ಹೆಸರೇನು ಎಂದು. ಹೇಳಿದೆ. ಎರಡು ಮೂರು ಸಲ ಮೆಲ್ಲಗೆ ಅಂದುಕೊಂಡು ನಾಲಿಗೆಗೆ ರೂಢಿ ಮಾಡಿಕೊಂಡಳು. ಆಮೇಲೆ ತನ್ನ ತಮ್ಮನ ಹೆಸರು ಕೆತ್ತಿದ ಕಲ್ಲಿನ ಮುಂದೆ ಹೂವಿಟ್ಟು, ಬಾಗಿ, ಗಟ್ಟಿಯಾಗಿ ಕರೆದಳು.

"ಹೊನ್ನೂರಪ್ಪ."

ಅವರ ಭಾಷೆಯ ಪ್ರಾರ್ಥನೆ ಇರಬೇಕೆಂದು ಅಧಿಕಾರಿ ಟೋಪಿ ತೆಗೆದ. ಇಷ್ಟು ವರ್ಷ ಆ ಕಲ್ಲಿನ ಮುಂದೆ ಕೂತು ಉಂಡರೂ ಹುಲುಗಪ್ಪ ಒಮ್ಮೆಯೂ ಬಾಯಿಬಿಟ್ಟು ಕರೆಯದ ಹೆಸರು ಅದು. ಸುಣ್ಣದ ಡಬ್ಬಿ ಹಿಡಿದು ಹಿಂದೆ ನಿಂತಿದ್ದವನು ಅಣ್ಣನ ಬದಲಿಗೆ ತಾನೇ "ಓ" ಅಂದ.