ಬೀಜಕ್ಕೆ ಬಿಟ್ಟ ಹೀರೇಕಾಯಿ

ಬೆಳಿಗ್ಗೆ ಹಿತ್ತಲಲ್ಲಿ ಒಣಗಿದ ಹೀರೇಬಳ್ಳಿ ಎಳೆದು ಹಾಕುತ್ತಿದ್ದೆ. ಅಂಗೈಗೆ ಹತ್ತಿದ ಆ ಕಹಿ ವಾಸನೆಗೆ ನಮ್ಮತ್ತೆ ನೆನಪಾದರು. ನೆನಪಾದರು ಅಂದರೆ ಕಣ್ಣೀರು ಬಂತು ಅಂತ ತಿಳಿಯಬೇಡಿ. ನನಗೆ ಕಣ್ಣೀರು ಬರಲಿಕ್ಕೆ ಉಳ್ಳಾಗಡ್ಡಿಯೇ ಬೇಕು.

ಹಳೇ ಬಾಗಲಕೋಟೆಯಲ್ಲಿ ನಮ್ಮ ಹಿತ್ತಲು ನಾಲ್ಕು ಹೊರಸು ಹಾಕುವಷ್ಟು. ದೀಪಾವಳಿ ದಾಟಿ ಥಂಡಿ ಬಿದ್ದ ಮೇಲೆ ಅದು ನೋಡುವ ಹಾಗಿರುತ್ತಿರಲಿಲ್ಲ. ಚೆಂಡುಹೂವು ಕಪ್ಪಾಗಿ ಜೋತು ಬೀಳುತ್ತಿದ್ದವು. ಬದನೆಗಿಡಕ್ಕೆ ಬರೀ ಹುಳುಕು ಕಾಯಿ. ತುಳಸಿ ಕಡ್ಡಿ. ಮೆಂತೆಪಲ್ಯ ಮಾತ್ರ ಹಸಿರು. ಇವೆಲ್ಲದರ ಮೇಲೆ ಒಂದು ಹೀರೇಕಾಯಿ ತೂಗುತ್ತಿತ್ತು, ಬೀಜಕ್ಕೆ ಬಿಟ್ಟದ್ದು. ಯಾರೂ ಹರಿಯಬಾರದೆಂದು ಅತ್ತೆ ಅದಕ್ಕೆ ಸೀರೆಯ ಚಿಂದಿ ಕಟ್ಟುತ್ತಿದ್ದರು. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಿಲಗಿಲ ಅಂದಾಗಲೇ ಬೀಜ ಬಲಿತಂತೆ.

ಕೆರೂರಿನ ತವರಿನಿಂದ ಅವರು ತಂದ ಬೀಜ ಅದು. ಕಾಯಿ ಕೇಳಿದವರಿಗೆ ಉಡಿ ತುಂಬ ಕೊಟ್ಟಾರು, ಬೀಜ ಮಾತ್ರ ಒಂದೂ ಇಲ್ಲ. ಪಕ್ಕದ ಮನೆಯ ಖಾಸಿಂಬಿ ಪ್ರತಿ ವರ್ಷ ಕೇಳುವಳು.

"ಬೀಜ ಹೊಸ್ತಲಾ ದಾಟಿದ್ರ ಬಳ್ಳಿ ಸಿಟ್ಟಾಗತೈತಿ," ಅನ್ನುವರು ಅತ್ತೆ. ಕೆರೂರಿನಿಂದ ಬರುವಾಗ ಅದು ಹೊಸ್ತಿಲು ದಾಟದೆ ಹಾರಿ ಬಂದಿತ್ತೇನೋ.

ಆಣೆಕಟ್ಟಿನ ಹಿನ್ನೀರು ಬರುತ್ತದೆ, ಊರು ಬಿಡಿ ಅಂದರು ಸರ್ಕಾರದವರು. ನಮಗೆ ನವನಗರದಲ್ಲಿ ಜಾಗ ಸಿಕ್ಕಿತು. ಬಂಡಿ ಬಂದು ನಿಂತ ದಿನ ಕಾಯಿ ಇನ್ನೂ ಅರ್ಧ ಹಸಿರು.

"ಯವ್ವಾ, ಬಂಡಿ ತುಂಬೈತಿ, ಹತ್ತ ಬಾ," ಎಂದರು ನಮ್ಮ ಮನೆಯವರು.

"ಕಾಯಿ ಬಲೀಲಿ. ನೀವು ಹೋಗ್ರಿ."

"ನೀರು ಬರೂತನಾ ಇಲ್ಲೇ ಕುಂಡ್ರತಿ ಏನ?"

"ನೀರಿಗೆ ತಿಳೀದಿಲ್ಲ ಬಿಡು. ನಿನಗರ ತಿಳೀಬಾರ್ದಾ?"

ಕಡೆಗೆ ನಾನೇ ಬಳ್ಳಿಯನ್ನು ಬುಡಸಮೇತ ಕಿತ್ತು, ಕಾಯಿಯೊಂದಿಗೆ ಸುತ್ತಿ ಅವರ ಉಡಿಗೆ ಹಾಕಿದೆ. ಹತ್ತಿ ಕೂತರು.

ಹೊಸ ಮನೆಯ ಕಿಟಕಿಯ ಸರಳಿಗೆ ಬಳ್ಳಿಯನ್ನು ತಲೆಕೆಳಗಾಗಿ ತೂಗಿಬಿಟ್ಟರು. ಒಣಗಿದ ಮೇಲೆ ಕಾಯಿ ಒಡೆದು, ಬೀಜವನ್ನು ಚರಿಗೆಯ ನೀರಿಗೆ ಸುರಿದರು. ತಳಕ್ಕಿಳಿದದ್ದು ಗಟ್ಟಿ, ತೇಲಿದ್ದು ಜೊಳ್ಳು. ಎಲ್ಲವೂ ತೇಲಿದವು. ಅತ್ತೆ ಬೆರಳಿನಿಂದ ಕದಡಿದರು. ನಾಲ್ಕು ಬೀಜ ಕೆಳಗಿಳಿದವು.

ಎರಡನ್ನು ಸೆರಗಿಗೆ ಕಟ್ಟಿಕೊಂಡು, ಉಳಿದೆರಡು ಹಿಡಿದು, ನಮ್ಮ ಹಾಗೇ ಊರು ಬಿಟ್ಟು ಮನೆಯ ಹಿಂದಿನ ಓಣಿಗೆ ಬಂದಿದ್ದ ಖಾಸಿಂಬಿಯ ಬಾಗಿಲಿಗೆ ನಡೆದರು. ನಾನೂ ಹಿಂದೆ ಹೋದೆ.

"ಯಕ್ಕಾ, ಈಗ ಬಳ್ಳಿ ಸಿಟ್ಟಾಗೂದಿಲ್ಲೇನ?" ಖಾಸಿಂಬಿ ಬಿಡುತ್ತಾಳೆಯೇ?

"ಆಗ್ಲಿ. ಒಂದ ಮನ್ಯಾಗ ಇಟ್ಟಿದ್ದು ಒಂದ ದಿನಾ ಹೋಗೇ ಹೋಗ್ತೈತಿ. ಹಲ್ಲ ಕಿಸೀಬ್ಯಾಡ, ಹಿಡಿ."

ಮಳೆಗಾಲದಲ್ಲಿ ನಮ್ಮವೆರಡೂ ಹುಟ್ಟಲಿಲ್ಲ. ಅವಳದೊಂದು ಹುಟ್ಟಿತು. ಮುಂದಿನ ವರ್ಷ ಅತ್ತೆ ಅವಳ ಮುಂದೆ ಸೆರಗು ಒಡ್ಡಿದರು. ಅವಳು ಎಣಿಸದೆ ಹಾಕಿದಳು.

ಈ ವರ್ಷದ ಬೀಜ ಈಗ ಮೊರದಲ್ಲಿದೆ. ಎದುರು ಮನೆಗೆ ಬಾಡಿಗೆಗೆ ಬಂದವಳು ದೊಡ್ಡ ಜಗಳಗಂಟಿ. ಅವಳ ಮೋರೆ ನೋಡಲಿಕ್ಕೂ ನನಗೆ ಮನಸ್ಸಿಲ್ಲ. ಆದರೆ ಅವಳ ಹಿತ್ತಲಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಹೋಗಿ ಒಂದು ಹಿಡಿ ಕೊಟ್ಟು ಬರುತ್ತೇನೆ.