ಮಂಡ್ಯ ದಾಟಿದ ಮೇಲೆ ಓದಿದ ಲೇಬಲ್

ನಾಲ್ಕು ವರ್ಷಗಳ ಹಿಂದಿನ ಜನವರಿ. ಬೆಂಗಳೂರು ನೆಲೆಯಿಂದ ಹಾರಾಟ ನಡೆಸುವ ಒಂದು ವಿಮಾನ ಕಂಪನಿಯಲ್ಲಿ ನಾನು ಟ್ರೈನಿ ಫಸ್ಟ್ ಆಫೀಸರ್, ಅಂದರೆ ತರಬೇತಿಯಲ್ಲಿದ್ದ ಸಹಪೈಲಟ್. ನನ್ನದು ಎರಡು ಟರ್ಬೊಪ್ರಾಪ್ ಎಂಜಿನ್‌ಗಳ, ಎಪ್ಪತ್ತು ಚಿಲ್ಲರೆ ಸೀಟುಗಳ ವಿಮಾನ. ಸಣ್ಣ ಊರುಗಳ ಗಿಡ್ಡ ರನ್‌ವೇಗಳಿಗೆ ಹೋಗಿಬರುವ ಅದರ ಪ್ರೊಪೆಲರ್ ನೋಡಿ ಪ್ರಯಾಣಿಕರು ‘ಇದು ಹಳೇ ಗಾಡಿನಾ’ ಎಂದು ವಿಚಾರಿಸುವುದುಂಟು. ಆ ವಿಮಾನ ನನಗಿಂತ ಹದಿನೇಳು ವರ್ಷ ಚಿಕ್ಕದು.

ಆ ಸೀಟಿಗೆ ಬರುವ ಮೊದಲಿನ ಕಥೆಯನ್ನು ಚುಟುಕಾಗಿ ಹೇಳಬೇಕು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಇನ್ನೂರು ಗಂಟೆಗಳ ಹಾರಾಟ ಬೇಕು. ಅದನ್ನು ಮುಗಿಸಿ ಲೈಸೆನ್ಸ್ ಪಡೆದವರಿಗೆ ಕೆಲಸ ಸಿಕ್ಕೇ ಸಿಗುತ್ತದೆಂದು ಹೊರಗಿನವರು ಭಾವಿಸುತ್ತಾರೆ. ನನಗೆ ಎರಡು ವರ್ಷ ಎರಡು ತಿಂಗಳು ಸಿಗಲಿಲ್ಲ. ಅಷ್ಟೂ ಕಾಲ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅಪ್ಪನ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಕೂತು, ಸುಟ್ಟ ಪಂಪ್‌ಸೆಟ್ ಮೋಟಾರುಗಳ ತಾಮ್ರದ ತಂತಿ ಬಿಚ್ಚಿದೆ. ಎದುರಿನ ಬೆಲ್ಲದ ಮಂಡಿಯ ರಹಮತ್ ಸಾಹೇಬರು ದಿನಕ್ಕೊಮ್ಮೆಯಾದರೂ ರಸ್ತೆಯಾಚೆಯಿಂದ ಕೂಗಿ ವಿಚಾರಿಸುತ್ತಿದ್ದರು: “ಏನ್ ಪೈಲಟಮ್ಮಾ, ರನ್‌ವೇ ಕ್ಲಿಯರ್ ಆಯ್ತೋ, ಇನ್ನೂ ದನ ಅಡ್ಡ ನಿಂತವೋ?” ಕೆಲಸದ ಪತ್ರ ಬಂದ ದಿನ ಅಂಗಡಿಗೆ ಒಂದು ಅಚ್ಚು ಬೆಲ್ಲ ಕಳಿಸಿದವರೂ ಅವರೇ.

ಕಂಪನಿಗೆ ಸೇರಿದ ಮೇಲೂ ಪೈಲಟ್ ಒಮ್ಮೆಲೇ ಪೂರ್ಣ ಸಹಪೈಲಟ್ ಆಗುವುದಿಲ್ಲ. ಆಯಾ ಮಾದರಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ, ಸಿಮ್ಯುಲೇಟರ್, ಆಮೇಲೆ ತರಬೇತಿ ಕ್ಯಾಪ್ಟನ್ ಪಕ್ಕದಲ್ಲಿ ಪ್ರಯಾಣಿಕರಿರುವ ನಿಜವಾದ ಹಾರಾಟಗಳು. ಇವೆಲ್ಲ ಮುಗಿದ ಮೇಲೆ ಒಂದು ಕೊನೆಯ ಪರೀಕ್ಷೆ. ಅದರ ಹೆಸರು ಲೈನ್ ರಿಲೀಸ್ ಚೆಕ್. ಪರೀಕ್ಷಕ ಕ್ಯಾಪ್ಟನ್ ಎರಡು ಹಾರಾಟಗಳಲ್ಲಿ ನಮ್ಮನ್ನು ನೋಡಿ ‘ಇವರನ್ನು ಬಿಡಬಹುದು’ ಎಂದು ಸಹಿ ಹಾಕುತ್ತಾರೆ. ಆ ಸಹಿಯ ದಿನಾಂಕದಿಂದ ನಮ್ಮ ಕಂಪನಿಯಲ್ಲಿ ಸೀನಿಯಾರಿಟಿ ಎಣಿಕೆ ಶುರು. ಮುಂದೆ ಯಾರು ಮೊದಲು ಕ್ಯಾಪ್ಟನ್ ಆಗುತ್ತಾರೆ ಎಂಬುದೂ ಆ ದಿನಾಂಕದ ಮೇಲೆಯೇ ನಿಂತಿದೆ. ನಮ್ಮ ತಂಡದಲ್ಲಿದ್ದವರು ಆರು ಜನ. ನನ್ನ ಚೆಕ್ ಒಂದು ಗುರುವಾರ ಸಂಜೆ 5.10ರ ಹಾರಾಟಕ್ಕೆ ನಿಗದಿಯಾಗಿತ್ತು. ಆರು ಜನರಲ್ಲಿ ಎರಡನೆಯವಳು ನಾನು.

ಅದಕ್ಕೂ ಮೊದಲಿನ ಶನಿವಾರ ನನಗೆ ಕೆಮ್ಮು ಹತ್ತಿಕೊಂಡಿತು. ಸೋಮವಾರ ಕ್ಯಾಪ್ಟನ್ ಸುಬ್ಬಯ್ಯ ಅವರೊಂದಿಗೆ ಹಾರಾಟವಿತ್ತು. ಕೊಡಗಿನವರು, ಐದು ತಿಂಗಳು ನನಗೆ ಕಲಿಸಿದವರು. ಇಳಿಯುವಾಗ ನನ್ನ ಎಡಗಿವಿ ಕಟ್ಟಿಕೊಂಡಿತು. ರಾತ್ರಿಯವರೆಗೂ ಬಿಡಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಎರಡು ದಿನ ರಜೆಯಿತ್ತು, ಮೈಸೂರಿಗೆ, ದಟ್ಟಗಳ್ಳಿಯ ಮನೆಗೆ ಬಂದೆ. ಶೀತವಾದರೆ ಕಂಪನಿಯ ವೈದ್ಯರಿಗೆ ತಿಳಿಸಬೇಕು, ಅವರನ್ನು ಕೇಳದೆ ಯಾವ ಔಷಧಿಯನ್ನೂ ತೆಗೆದುಕೊಳ್ಳಬಾರದು ಎಂಬ ನಿಯಮ ನನಗೆ ಬಾಯಿಪಾಠವಾಗಿತ್ತು. ವೈದ್ಯರಿಗೆ ತಿಳಿಸಿದರೆ ‘ಅನ್‌ಫಿಟ್’ ಎನ್ನುತ್ತಾರೆ, ಚೆಕ್ ಹೋಗುತ್ತದೆ. ಮನೆಯಲ್ಲಿ ಎರಡು ದಿನ ಬೆಚ್ಚಗಿದ್ದರೆ ವಾಸಿಯಾಗುತ್ತದೆ ಎಂದು ತೀರ್ಮಾನಿಸಿದೆ.

ನಮ್ಮ ಮನೆಯಲ್ಲಿ ಔಷಧಿಯ ಖಾತೆ ಅಜ್ಜಿಯದು. ಅಪ್ಪನ ತಾಯಿ, ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ರಾಗಿ ಬೆಳೆದುಕೊಂಡಿದ್ದವರು. ಅಪ್ಪ ಮನೆ ಕಟ್ಟಿಸಿದ ಮೇಲೆ ನಮ್ಮ ಜೊತೆ ಬಂದರು. ಕೆಮ್ಮಿಗೆ ಅವರು ಕೊಡುತ್ತಿದ್ದುದು ‘ದ್ರಾಕ್ಷಿ ಔಷ್ದಿ’. ಅಂಗಡಿಯಿಂದ ತಂದದ್ದನ್ನು ಹಾರ್ಲಿಕ್ಸಿನ ಹಳೆಯ ಗಾಜಿನ ಬಾಟಲಿಗೆ ಸುರಿದು ದೇವರ ಗೂಡಿನ ಕೆಳಗೆ ಇಟ್ಟಿರುತ್ತಿದ್ದರು. ಚಿಕ್ಕಂದಿನಿಂದ ಕುಡಿದದ್ದು. ಸಿಹಿ, ಒಗರು, ಗಂಟಲಲ್ಲಿ ಸ್ವಲ್ಪ ಬಿಸಿ. ಮಂಗಳವಾರ, ಬುಧವಾರ ರಾತ್ರಿ ಕೊಟ್ಟರು. ಗುರುವಾರ ಬೆಳಿಗ್ಗೆ ಏಳೂವರೆಗೆ ಬಿಸಿನೀರಿನಲ್ಲಿ ಬೆರೆಸಿ ಲೋಟ ಹಿಡಿದು ಮುಂದೆಯೇ ನಿಂತರು.

“ಮೂರು ಮುಚ್ಚಳ ಹಾಕಿವ್ನಿ. ಒಂದೇ ಗುಟುಕ್ಗೆ ಕುಡ್ದ್ಬುಡು ಮಗ. ಪರೀಕ್ಷೆಲಿ ಕೆಮ್ತಾ ಕೂತ್ರೆ ಅವ್ರು ಏನಂದ್ಕಂಡಾರು?”

ಕುಡಿದೆ. ಅಪ್ಪ ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟರು. ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರವಾಗಿ ಹೋಗುವ ಒಂಬತ್ತು ಗಂಟೆಯ ಬಸ್ಸು. ಮಂಡ್ಯ ದಾಟಿದ ಮೇಲೆ ಹಸಿವಾಗಿ, ಅಜ್ಜಿ ಕಟ್ಟಿಕೊಟ್ಟ ಚೀಲ ಬಿಚ್ಚಿದೆ. ಡಬ್ಬಿಯಲ್ಲಿ ಒತ್ತು ಶ್ಯಾವಿಗೆ ಇತ್ತು. ಪಕ್ಕದಲ್ಲಿ ಪತ್ರಿಕೆಯ ಹಾಳೆ ಸುತ್ತಿದ ಒಂದು ಹೊಸ ಬಾಟಲಿ. ಬೆಂಗಳೂರಿನಲ್ಲಿ ಕುಡಿಯಲಿ ಎಂದು ಅಜ್ಜಿ ಸೀಲ್ ಒಡೆಯದ ಬಾಟಲಿಯನ್ನೇ ಇಟ್ಟಿದ್ದರು. ಹಾಳೆ ತೆಗೆದಾಗ, ಹುಟ್ಟಿದಾಗಿನಿಂದ ಕುಡಿದ ಔಷಧಿಯ ಲೇಬಲ್ಲನ್ನು ನಾನು ಮೊದಲ ಬಾರಿ ನೋಡಿದೆ. ದ್ರಾಕ್ಷಾರಿಷ್ಟ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ತಯಾರಿಕೆಯಲ್ಲಿ ತಾನಾಗಿ ಉತ್ಪನ್ನವಾಗುವ ಆಲ್ಕೋಹಾಲ್, ಶೇಕಡಾ 5ರಿಂದ 10.

ಇದರ ತೂಕ ತಿಳಿಯಬೇಕಾದರೆ ನಮ್ಮ ನಿಯಮ ತಿಳಿದಿರಬೇಕು. ಹಾರಾಟಕ್ಕೆ ಮುಂಚಿನ ಹನ್ನೆರಡು ಗಂಟೆ ಪೈಲಟ್ ಯಾವ ರೂಪದಲ್ಲೂ ಮದ್ಯ ಸೇವಿಸಿರಬಾರದು. ಡ್ಯೂಟಿಗೆ ಬಂದಾಗ ಬ್ರೆತ್ ಅನಲೈಸರ್ ಯಂತ್ರಕ್ಕೆ ಊದಬೇಕು. ಅದರಲ್ಲಿ ಸೊನ್ನೆಯೇ ಬರಬೇಕು. ಸೊನ್ನೆ ಬಿಟ್ಟು ಬೇರೆ ಏನು ಬಂದರೂ, ಮೊದಲ ಬಾರಿಯಾದರೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಕೆಮ್ಮಿನ ಔಷಧಿ, ಬಾಯಿ ಮುಕ್ಕಳಿಸುವ ದ್ರಾವಣ, ಯಾವ ಕಾರಣಕ್ಕೂ ರಿಯಾಯಿತಿ ಇಲ್ಲ. ತರಬೇತಿಯಲ್ಲಿರುವವಳ ಕಡತದಲ್ಲಿ ಅಂಥದೊಂದು ಸಾಲು ಸೇರಿದರೆ, ನನ್ನ ಸೀಟಿಗಾಗಿ ಕಾಯುತ್ತಿರುವ ನೂರಾರು ಲೈಸೆನ್ಸ್‌ದಾರರಲ್ಲಿ ಒಬ್ಬರಿಗೆ ಬಾಗಿಲು ತೆರೆದಂತೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಮೂರು ಮುಚ್ಚಳವೆಂದರೆ ಸುಮಾರು ಮೂವತ್ತು ಮಿಲಿಲೀಟರ್. ಅದರಲ್ಲಿ ಆಲ್ಕೋಹಾಲ್ ಹೆಚ್ಚೆಂದರೆ ಮೂರು ಮಿಲಿಲೀಟರ್. ದೇಹ ಅದನ್ನು ಒಂದು ಗಂಟೆಯೊಳಗೆ ಕರಗಿಸುತ್ತದೆ. ನಾನು ಊದಬೇಕಾದದ್ದು ಮಧ್ಯಾಹ್ನ ಮೂರೂವರೆಯ ನಂತರ. ಎಂಟು ಗಂಟೆ ಕಳೆದಿರುತ್ತದೆ. ಯಂತ್ರ ಸೊನ್ನೆಯನ್ನೇ ತೋರಿಸುತ್ತದೆ. ಆದರೆ ಏಳೂವರೆಯಿಂದ 5.10ಕ್ಕೆ ಒಂಬತ್ತು ಗಂಟೆ ನಲವತ್ತು ನಿಮಿಷ. ಹನ್ನೆರಡಲ್ಲ. ಯಂತ್ರಕ್ಕೆ ಗೊತ್ತಾಗದ್ದು ನನಗೊಬ್ಬಳಿಗೆ ಗೊತ್ತಿತ್ತು.

ತಂಡದ ನಿಖಿಲ್‌ಗೆ ಫೋನ್ ಮಾಡಿದೆ. ನಮ್ಮೂರಿನ ಲಕ್ಷ್ಮೀಪುರಂನವನು, ಶಾಲೆಯಿಂದಲೂ ಜೊತೆಗಿದ್ದವನು, ಹಿಂದಿನ ವಾರವಷ್ಟೇ ಚೆಕ್ ಪಾಸಾಗಿದ್ದ. ಮೊದಲು ಎರಡು ನಿಮಿಷ ನಕ್ಕ. “ಹೋಗಿ ಹೋಗಿ ದೇವರ ಗೂಡಿನ ಕೆಳಗೆ ಬಾರ್ ಇಟ್ಕೊಂಡಿದ್ದೀರಲ್ಲೇ” ಎಂದ. ಆಮೇಲೆ ಗಂಭೀರನಾದ.

“ನೋಡು, ಯಾರಿಗೂ ಹೇಳ್ಬೇಡ. ಜೀರೋ ಬರತ್ತೆ, ಊದು, ಹಾರು, ಪಾಸಾಗು. ಹೇಳ್ದೆ ಅನ್ಕೋ, ನಿನ್ ಫೈಲಲ್ಲಿ ಆಲ್ಕೋಹಾಲ್ ಅನ್ನೋ ಪದ ಕೂತ್ಕೊಳತ್ತೆ ಕಣೆ. ಆಮೇಲೆ ಅದನ್ನ ಯಾರೂ ಅರಿಷ್ಟ ಅಂತ ಓದಲ್ಲ.”

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಬಿಡದಿ ಬರುವ ಹೊತ್ತಿಗೆ ನೆನಪಾದದ್ದು ದೊಡ್ಡ ತತ್ವವೇನಲ್ಲ. ಅಪ್ಪನ ಅಂಗಡಿಯಲ್ಲಿ ಸುತ್ತಿ ಮುಗಿದ ಮೋಟಾರನ್ನು ಎಲ್ಲಿಯಾದರೂ ಕರೆಂಟ್ ಸೋರುತ್ತದೆಯೇ ಎಂದು ಮೆಗ್ಗರ್ ಎಂಬ ಮೀಟರಿನಿಂದ ಪರೀಕ್ಷಿಸುತ್ತಾರೆ. ಒಮ್ಮೆ ನಾನು ಸುತ್ತುವಾಗ ಒಂದು ಕಡೆ ತಂತಿಯ ಮೇಲಿನ ವಾರ್ನಿಷ್ ಕೆರೆದುಹೋಗಿತ್ತು. ಮೀಟರ್ ಸರಿಯಾಗಿಯೇ ತೋರಿಸಿತು. ನಾನು ಕೆರೆದ ವಿಷಯ ಹೇಳಿದೆ. ಅಪ್ಪ ಏನೂ ಬೈಯದೆ ಇಡೀ ಸುತ್ತನ್ನು ಬಿಚ್ಚಿಸಿದರು. “ಮೀಟ್ರು ಇವತ್ತಿಂದು ಹೇಳ್ತದೆ. ನೀನು ನೋಡಿದ್ದು ನಾಳೆದು” ಎಂದಿದ್ದರು. ಆ ದಿನ ಅದು ನನಗೆ ಬೇಜಾರು ತಂದಿತ್ತು. ಬಸ್ಸಿನಲ್ಲೂ ಬೇಜಾರನ್ನೇ ತಂದಿತು.

ಹನ್ನೊಂದೂಮುಕ್ಕಾಲಿಗೆ ಕ್ಯಾಪ್ಟನ್ ಸುಬ್ಬಯ್ಯ ಅವರಿಗೆ ಫೋನ್ ಮಾಡಿದೆ. ಏನು ಕುಡಿದೆ, ಎಷ್ಟು, ಯಾವಾಗ, ಮೂರನ್ನೂ ವರದಿಯಂತೆ ಒಪ್ಪಿಸಿದೆ. ಅರಿಷ್ಟದ ಬಗ್ಗೆ ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಕೇಳಿದ್ದು ಬೇರೆ.

“ಯಾಕೆ ತಗೊಂಡ್ರಿ?”

“ಕೆಮ್ಮು ಸರ್.”

“ಎಷ್ಟು ದಿನದಿಂದ?”

“ಶನಿವಾರದಿಂದ.”

“ಹಾಗಾದ್ರೆ ಸೋಮವಾರ ನನ್ನ ಪಕ್ಕ ಕೂತಾಗಲೂ ಇತ್ತು.”

ಮಂಡ್ಯದಿಂದ ಆ ಕ್ಷಣದವರೆಗೆ ನಾನು ಯೋಚಿಸಿದ್ದು ಮೂರು ಮಿಲಿಲೀಟರ್ ಬಗ್ಗೆ ಮಾತ್ರ. ಸೋಮವಾರದ ಬಗ್ಗೆ ಯೋಚಿಸಿಯೇ ಇರಲಿಲ್ಲ. “ಇತ್ತು ಸರ್. ಇಳಿಯುವಾಗ ಕಿವಿಯೂ ಕಟ್ಟಿತ್ತು” ಎಂದೆ.

“ಇವತ್ತು ನೀವು ಹಾರೋದಿಲ್ಲ,” ಎಂದರು. “ಆ ಬಾಟ್ಲಿ ಒಂದಕ್ಕೇ ಅಲ್ಲ. ಬಂದು ಡಾಕ್ಟರ್‌ಗೆ ಕಿವಿ ತೋರಿಸಿ. ಬಾಟ್ಲೀನೂ ತನ್ನಿ.”

ಮೂರು ಗಂಟೆಗೆ ಕಂಪನಿಯ ವೈದ್ಯರು ಕಿವಿಗೆ ದೀಪ ಹಿಡಿದು ನೋಡಿದರು. ಮೂಗು ಹಿಡಿದು, ಬಾಯಿ ಮುಚ್ಚಿ ಊದಲು ಹೇಳಿದರು. ಆರೋಗ್ಯವಾಗಿದ್ದರೆ ಎರಡೂ ಕಿವಿಗಳಲ್ಲಿ ಸಣ್ಣ ‘ಟಪ್’ ಸದ್ದು ಬರಬೇಕು. ನನಗೆ ಬಲಗಿವಿಯಲ್ಲಿ ಮಾತ್ರ ಬಂತು. ಎಡಗಿವಿಯ ತಮಟೆ ಕೆಂಪಾಗಿ ಒಳಕ್ಕೆ ಎಳೆದುಕೊಂಡಿತ್ತು. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತಾ ಹೋಗುತ್ತದೆ. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದುಕೊಂಡರೆ ತೊಂದರೆಯಿಲ್ಲ. ತೆರೆಯದಿದ್ದರೆ ಚಾಕು ಹಾಕಿದಂಥ ನೋವು, ತಮಟೆ ಹರಿಯಬಹುದು, ತಲೆ ತಿರುಗಬಹುದು. ಅದೂ ನೆಲ ಹತ್ತಿರ ಬರುವ ಹೊತ್ತಿಗೆ, ಇಬ್ಬರು ಪೈಲಟ್‌ಗಳ ಗಮನವೂ ಪೂರ್ತಿ ಬೇಕಾದ ಹೊತ್ತಿಗೆ. ವೈದ್ಯರು ಹತ್ತು ದಿನ ಅನ್‌ಫಿಟ್ ಎಂದು ಬರೆದರು. ಬಾಟಲಿಯನ್ನು ತಿರುಗಿಸಿ ನೋಡಿ, “ನಮ್ಮನೇಲೂ ಇದೆ,” ಎಂದು ವಾಪಸ್ ಕೊಟ್ಟರು.

ಆ ಸಂಜೆ 5.10ರ ಹಾರಾಟದಲ್ಲಿ ನನ್ನ ಸೀಟಿನಲ್ಲಿ ಬೇರೊಬ್ಬರು ಕೂತರು. ನಾನು ಒಂದು ಪುಟದ ಹೇಳಿಕೆ ಬರೆದುಕೊಟ್ಟೆ. ಅರಿಷ್ಟ, ಕೆಮ್ಮು, ಸೋಮವಾರದ ಕಿವಿ, ಎಲ್ಲವೂ ಅದರಲ್ಲಿತ್ತು. ಕೇಳದೆ ಔಷಧಿ ತೆಗೆದುಕೊಂಡಿದ್ದಕ್ಕೂ, ಶೀತವಿದ್ದೂ ಹಾರಿದ್ದಕ್ಕೂ ಎಚ್ಚರಿಕೆಯ ಪತ್ರ ಬಂತು. ‘ತಾನಾಗಿಯೇ ತಿಳಿಸಿದ್ದಾರೆ’ ಎಂಬ ಸಾಲನ್ನು ಕ್ಯಾಪ್ಟನ್ ಸುಬ್ಬಯ್ಯ ಅದರ ಕೆಳಗೆ ಸೇರಿಸಿದ್ದರು. ಅಷ್ಟು ಬಿಟ್ಟರೆ ಅವರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಆ ಹತ್ತು ದಿನಕ್ಕೆ ಮನೆಗೆ ಬಂದೆ. ಅಜ್ಜಿಗೆ ಹೇಳುವ ಕೆಲಸ ಅಪ್ಪ ವಹಿಸಿಕೊಂಡರು. ನಾನು ಎದುರಿಗೇ ಇದ್ದೆ. ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಅಂಗಂದ್ರೆ ನಾನು ಕೂಸಿಗೆ ಹೆಂಡ ಕುಡ್ಸಿದ್ನಾ?”

“ನೀನೂ ನಲವತ್ತು ವರ್ಷದಿಂದ ಕುಡೀತಾ ಇದ್ದೀಯ ಬುಡವ್ವ,” ಎಂದರು ಅಪ್ಪ.

“ಔಷ್ದಿ ಔಷ್ದೀನೇ ಕಣೋ. ನಿಮ್ಮಪ್ಪ ಕುಡೀತಿದ್ದದ್ದು ಬ್ಯಾರೆ.”

ಆಮೇಲೆ ಎರಡು ದಿನ ಅವರು ನನ್ನೊಂದಿಗೆ ಹೆಚ್ಚು ಮಾತನಾಡಲಿಲ್ಲ. ಸಿಟ್ಟು ಎಂದುಕೊಂಡಿದ್ದೆ. ಮೂರನೆಯ ದಿನ ಪಕ್ಕದಲ್ಲಿ ಬಂದು ಕೂತು, ನನ್ನ ಕೆಲಸ ಹೋಗಿದೆಯೋ ಇದೆಯೋ ನಿಜ ಹೇಳು ಎಂದರು. ಇದೆ ಎಂದ ಮೇಲೆ ಎದ್ದು ಅಡುಗೆಮನೆಗೆ ಹೋದರು. ಅಂದಿನಿಂದ ದ್ರಾಕ್ಷಿ ಔಷಧಿ ಹಾರ್ಲಿಕ್ಸ್ ಬಾಟಲಿಗೆ ಹೋಗುವುದು ನಿಂತಿತು. ಲೇಬಲ್ ಇರುವ ಬಾಟಲಿಯಲ್ಲೇ ಇರುತ್ತದೆ, ಅಪ್ಪನ ಕಪಾಟಿನಲ್ಲಿ. ನನಗೆ ಮೆಣಸಿನ ಸಾರು ಬಡಿಸುವಾಗಲೂ ಅಜ್ಜಿ ವಿಚಾರಿಸುತ್ತಾರೆ: “ಇವತ್ತು ಊದಾದ್ ಅದಾ?”

ನನ್ನ ಚೆಕ್ ಇಪ್ಪತ್ತಾರು ದಿನ ತಡವಾಗಿ ನಡೆಯಿತು. ಪಾಸಾದೆ. ಅಷ್ಟರಲ್ಲಿ ಉಳಿದ ನಾಲ್ವರೂ ಮುಗಿಸಿದ್ದರು. ಸೀನಿಯಾರಿಟಿ ಪಟ್ಟಿಯಲ್ಲಿ ಎರಡನೆಯವಳು ಆರನೆಯವಳಾದೆ. ನಿಖಿಲ್ ಈಗ ಕ್ಯಾಪ್ಟನ್ ಆಗುವ ತರಬೇತಿಯಲ್ಲಿದ್ದಾನೆ, ನನ್ನ ಸರದಿಗೆ ಇನ್ನೂ ಎಷ್ಟು ದಿನವೋ ತಿಳಿಯದು. ಆ ದಿನ ಹೇಳಿದ್ದು ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಪಟ್ಟಿ ಬಂದಾಗಲೆಲ್ಲ ನನ್ನ ಮೇಲಿನ ಹೆಸರುಗಳನ್ನು ಒಮ್ಮೆ ಎಣಿಸುತ್ತೇನೆ.

ಹೊಸಬರು ಈ ಪ್ರಸಂಗವನ್ನು ಅರಿಷ್ಟದ ಕಥೆಯೆಂದೇ ಕೇಳಿ ನಗುತ್ತಾರೆ. ನನಗೆ ಕೆಲಸ ಕಲಿಸಿದ್ದು ಬಾಟಲಿಯಲ್ಲ, ಸೋಮವಾರದ ಕಿವಿ. ಒಂದು ನಿಯಮವನ್ನು ಅಷ್ಟು ಪ್ರಾಮಾಣಿಕವಾಗಿ ಅಳೆಯುತ್ತಾ ಕೂತಿದ್ದವಳು, ಅದೇ ಹೊತ್ತಿನಲ್ಲಿ ಕಟ್ಟಿಕೊಂಡ ಕಿವಿಯೊಂದನ್ನು ಇಟ್ಟುಕೊಂಡು ಪ್ರಯಾಣಿಕರನ್ನು ಇಳಿಸಲು ಹೊರಟಿದ್ದೆ. ಸೊನ್ನೆ ಬರುತ್ತದೋ ಇಲ್ಲವೋ ಎಂಬುದು ಸುಲಭದ ಪ್ರಶ್ನೆ, ಅದಕ್ಕೆ ಯಂತ್ರವಿದೆ. ‘ಇವತ್ತು ನಾನು ಸರಿಯಿದ್ದೇನೆಯೇ’ ಎಂಬುದಕ್ಕೆ ಯಂತ್ರವಿಲ್ಲ. ಅದನ್ನು ಕೇಳಬೇಕಾದವಳೂ ಉತ್ತರಿಸಬೇಕಾದವಳೂ ನಾನೇ. ಈಗ ಡ್ಯೂಟಿಗೆ ಹೋದಾಗ, ಯಂತ್ರದ ಸಾಲಿನಲ್ಲಿ ನಿಲ್ಲುವ ಮೊದಲು ಒಂದು ಮೂಲೆಯಲ್ಲಿ ಮೂಗು ಹಿಡಿದು, ಬಾಯಿ ಮುಚ್ಚಿ ಒಮ್ಮೆ ಊದಿಕೊಳ್ಳುತ್ತೇನೆ. ಎರಡೂ ಕಡೆ ಸದ್ದು ಬಂದರೆ ಸಾಲಿಗೆ ಸೇರುತ್ತೇನೆ. ಕಳೆದ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಸದ್ದು ಬಂದಿಲ್ಲ. ಮೂರು ಬಾರಿಯೂ ಕಂಪನಿಯ ವೈದ್ಯರಿಗೆ ಫೋನ್ ಮಾಡಿ, ಚೀಲ ಎತ್ತಿಕೊಂಡು ವಾಪಸ್ ಹೋಗಿದ್ದೇನೆ.