ಪಟ್ಟಿಯ ಅಡಿಯ ಬೆಳಕು

ಜಯಶೀಲಮ್ಮನ ವಿಷಯವಾಗಿ ಭದ್ರಾವತಿಯ ಕಾಗದನಗರದ ಆ ಕ್ವಾರ್ಟರ್ಸ್ ಸಾಲಿನವರು ಹೇಳುತ್ತಿದ್ದುದು ಇಷ್ಟೇ: "ಅವರ ಕೈಗೆ ಕತ್ತರಿ ಕೊಟ್ರೆ ಒಂದು ವರ್ಷ ಹರಿತ ಇರತ್ತೆ, ಜಗಳ ಕೊಟ್ರೆ ಹತ್ತು ವರ್ಷ."

ಪಕ್ಕದ ಮನೆಯ ರಾಮಚಂದ್ರಪ್ಪ ಇದಕ್ಕೊಂದು ಬಾಲ ಸೇರಿಸುತ್ತಿದ್ದರು. "ಅಲ್ಲ ಮಾರಾಯ, ಯಾವಾಗ್ಲೋ ಒಂದ್ಸಲ ಅವರ ಸಾರಿಗೆ ಉಪ್ಪು ಕಮ್ಮಿ ಅಂದಿದ್ದೆ. ಅವತ್ತಿಂದ ಸಾರಿನ ಬಟ್ಟಲು ಬಂದಾಗೆಲ್ಲ ಜೊತೆಗೆ ಒಂದು ಉಪ್ಪಿನ ಪೊಟ್ಟಣ ಬರತ್ತೆ. ಆರು ವರ್ಷ ಆಯ್ತು!"

ಜಯಶೀಲಮ್ಮನ ಗಂಡ ಸುಬ್ಬಪ್ಪ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಉದ್ದನೆಯ ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಈಕೆ ಮನೆಯ ಮುಂದೆಯೇ ಸಾಣೆಕಲ್ಲು ಹೂಡಿದರು. ಭದ್ರಾವತಿಯ ಅರ್ಧದಷ್ಟು ದರ್ಜಿಗಳ ಕತ್ತರಿಗಳು ಈಕೆಯ ಕೈಯಲ್ಲೇ ಹರಿತವಾಗುತ್ತಿದ್ದವು. ಸುಬ್ಬಪ್ಪ ಬಿಟ್ಟುಹೋದ ಒಂದು ಉಕ್ಕಿನ ಪಟ್ಟಿ ಇತ್ತು, ಮೊಳದುದ್ದದ್ದು. ಸಾಣೆ ಮುಗಿದ ಕತ್ತಿಯ ಬಾಯಿಯ ಮೇಲೆ ಆ ಪಟ್ಟಿ ಇಟ್ಟು, ಕಿಟಕಿಗೆ ಎತ್ತಿ ಹಿಡಿದು ನೋಡಬೇಕು. ಪಟ್ಟಿಯ ಅಡಿಯಿಂದ ಕೂದಲೆಳೆಯಷ್ಟು ಬೆಳಕು ತೂರಿದರೂ ಕತ್ತಿ ಸೊಟ್ಟ. ಸೊಟ್ಟ ಕತ್ತಿ ಕಾಗದವನ್ನು ಹರಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಜಯಶೀಲಮ್ಮನಿಗೆ ಇದು ದೇವರ ಮುಂದಿನ ಪ್ರಮಾಣವಿದ್ದಂತೆ.

ಮಗಳು ಅಳಿಯ ಶಿವಮೊಗ್ಗದ ನವುಲೆಯಲ್ಲಿದ್ದರು. ಅವರ ಮಗಳು ಅಕ್ಷರಾ, ಹನ್ನೊಂದು ವರ್ಷದವಳು, ಗುರುಪ್ರಸಾದ್ ಎಂಬ ಮೇಷ್ಟ್ರ ಹತ್ತಿರ ಸ್ಕೇಟಿಂಗ್ ಕಲಿಯುತ್ತಿದ್ದಳು. ಸಿಮೆಂಟಿನ ಅಂಗಳ, ಗಾಲಿಯ ಬೂಟು. ಅವಳು ತಿರುಗಿ ನಿಲ್ಲುವ ಚಂದ ಕಂಡು ಮೇಷ್ಟ್ರು, "ಇವಳನ್ನ ಐಸ್ ಮೇಲೆ ಹತ್ತಿಸಬಹುದು, ಬೆಂಗಳೂರಲ್ಲಿ ಆಯ್ಕೆ ಇದೆ, ಬೂಟಿಗೆ ಬ್ಲೇಡ್ ಬೇಕು" ಎಂದರು.

"ಬ್ಲೇಡು ಆರಿಸೋದು ನನಗೆ ಬಿಡಿ ಮೇಷ್ಟ್ರೇ," ಎಂದರು ಅಭ್ಯಾಸ ನೋಡಲು ಬಂದಿದ್ದ ಜಯಶೀಲಮ್ಮ. "ಉಕ್ಕು ನೋಡಿ ನೋಡಿ ನನ್ನ ಕಣ್ಣು ಸವೆದಿದೆ."

ಗುರುಪ್ರಸಾದ್ ನಕ್ಕುಬಿಟ್ಟರು. "ಅಮ್ಮಾ, ಇದು ಈಳಿಗೆಮಣೆ ಅಲ್ಲ. ನಿಮ್ಮ ಸಾಣೆಕಲ್ಲು ಕಟಿಂಗ್ ಶಾಪ್‌ನೋರಿಗೇ ಇರಲಿ."

ಅಂದು ಅಂಗಳದಲ್ಲಿ ಒಂಬತ್ತು ಮಕ್ಕಳ ತಾಯಂದಿರಿದ್ದರು. ಅವರೂ ನಕ್ಕರು. ಮೇಷ್ಟ್ರ ಮಗಳು ಶ್ರೀಗೌರಿಯೂ ನಕ್ಕಳು. ಆ ನಗುವಿನಲ್ಲಿ ಯಾರ ಹಲ್ಲು ಎಷ್ಟು ಕಂಡಿತು ಎಂಬುದು ಸಹ ಜಯಶೀಲಮ್ಮನಿಗೆ ನೆನಪುಳಿಯಿತು.

ಮೇಷ್ಟ್ರೇ ಬ್ಲೇಡ್ ತರಿಸಿಕೊಟ್ಟರು. ರಜೆಗೆ ಭದ್ರಾವತಿಗೆ ಬಂದ ಅಕ್ಷರಾ ಅದನ್ನು ತೋರಿಸಿದ್ದೇ ತಡ, ಅಜ್ಜಿ ಪಟ್ಟಿ ತಂದು ಅದರ ಮೇಲಿಟ್ಟು ಕಿಟಕಿಗೆ ಹಿಡಿದರು. ಪಟ್ಟಿ ನಡುವೆ ಮಾತ್ರ ತಾಗಿತ್ತು. ಹಿಂದೆಯೂ ಮುಂದೆಯೂ ಬೆಳಕು.

"ಕಂಡ್ಯಾ? ಬಗ್ಗಿದ ಮಾಲು! ತನ್ನ ಮಗಳಿಗೆ ನೆಟ್ಟಗಿರೋದು, ನಮಗೆ ಸೊಟ್ಟದ್ದು."

"ಅಜ್ಜಿ, ಅದು ಹಂಗೇ ಇರ್ಬೋದೇನೋ..."

"ನೀನು ಸುಮ್ನಿರು ಮಾರಾಯ್ತಿ. ನಿಮ್ಮಜ್ಜನ ಪಟ್ಟಿ ಸುಳ್ಳು ಹೇಳತ್ತಾ?"

ಎರಡು ದಿನ ಕೂತು ನಡುಭಾಗವನ್ನು ಉಜ್ಜಿದರು. ಬ್ಲೇಡಿನ ಬಾಯಿಯುದ್ದಕ್ಕೂ ಇದ್ದ ಸಣ್ಣ ಕಾಲುವೆಯನ್ನು ಗುಂಡುಕಲ್ಲಿನಿಂದ ಮೊದಲಿನಂತೆಯೇ ತೀಡಿದರು. ಬೆಳಕು ಪೂರಾ ನಿಂತಿತು. "ಯಾರಿಗೂ ಹೇಳ್ಬೇಡ," ಎಂದು ಮೊಮ್ಮಗಳಿಂದ ಭಾಷೆ ತೆಗೆದುಕೊಂಡರು. "ನೀನು ಗೆದ್ದ ಮೇಲೆ ಅವನ ಮುಖದ ಮುಂದೆ ನಾನೇ ಹೇಳ್ತೀನಿ."

ಬೆಂಗಳೂರಿನ ಮಂಜುಗಡ್ಡೆಯ ಅಂಗಳದಲ್ಲಿ ಅಕ್ಷರಾ ಹಳಿಯ ಮೇಲಿನ ರೈಲಿನಂತೆ ನೇರ ಹೋದಳು. ತಿರುಗಲು ಹೋದಾಗ ಬ್ಲೇಡ್ ತಿರುಗಲೇ ಇಲ್ಲ. ಮೂರು ಸಲ ಬಿದ್ದಳು. ಮೂರನೆಯ ಸಲ ಗದ್ದ ಒಡೆದು ಎರಡು ಹೊಲಿಗೆ ಬಿತ್ತು. ಶ್ರೀಗೌರಿ ಆಯ್ಕೆಯಾದಳು.

"ಎಲ್ಲಿ, ಬ್ಲೇಡ್ ತೋರ್ಸಿ," ಎಂದು ಗುರುಪ್ರಸಾದ್ ಕೈ ಚಾಚಿದರೆ ಜಯಶೀಲಮ್ಮ ಚೀಲದ ಬಾಯಿ ಬಿಗಿದರು. "ಯಾಕೆ, ಸಾಕ್ಷಿ ಮುಚ್ಚಿಹಾಕೋಕಾ?"

ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ಗುರುವಾರ ಶಿವಮೊಗ್ಗದ ಬಸ್ಸು ಹತ್ತಿ, ಆ ಒಂಬತ್ತು ತಾಯಂದಿರ ಮನೆಗಳಿಗೆ ಒಂದೊಂದಾಗಿ ಹೋದರು. ಬರಿಗೈಲಿ ಹೋಗಲಿಲ್ಲ, ಸಣ್ಣ ಸಾಣೆಕಲ್ಲು ಒಯ್ದರು. "ಈಳಿಗೆಮಣೆ ಕೊಡಮ್ಮ, ಹರಿತ ಮಾಡಿಕೊಡ್ತೀನಿ" ಎಂದು ಅಡುಗೆಮನೆಯಲ್ಲಿ ಕುಳಿತರೆ ಯಾರು ಬೇಡ ಎನ್ನುತ್ತಾರೆ? ಕಲ್ಲಿನ ಸದ್ದಿನ ನಡುವೆ ಮೆಲ್ಲಗೆ ಮಾತು ಬರುತ್ತಿತ್ತು: "ಬಗ್ಗಿದ ಬ್ಲೇಡು ಕೊಟ್ಟು ನನ್ನ ಮೊಮ್ಮಗಳ ಗದ್ದ ಒಡೆಸಿದ. ನಿಮ್ಮ ಮಗಂದು ನೋಡ್ಕೊಳ್ಳಿ." ಮತ್ತೆ ಕಲ್ಲಿನ ಸದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂಬತ್ತು ಮಕ್ಕಳೂ ಬಿಟ್ಟಿದ್ದರು. ಮಕ್ಕಳಿಲ್ಲದ ಅಂಗಳವನ್ನು ಜಾಗದವರು ಶಟಲ್ ಆಡುವವರಿಗೆ ಕೊಟ್ಟರು. ಗುರುಪ್ರಸಾದ್ ಒಂದು ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುವ ಕೆಲಸಕ್ಕೆ ಸೇರಿದರು. ಶ್ರೀಗೌರಿಗೆ ಅಭ್ಯಾಸಕ್ಕೆ ನೆಲವಿಲ್ಲದೆ ಅವಳ ಬೂಟು ಅಟ್ಟ ಸೇರಿತು. ಸುದ್ದಿ ಬಂದ ದಿನ ಜಯಶೀಲಮ್ಮ ಶಾವಿಗೆ ಪಾಯಸ ಮಾಡಿ ಇಡೀ ಸಾಲಿಗೆ ಹಂಚಿದರು. "ಏನು ವಿಶೇಷ?" ಎಂದು ರಾಮಚಂದ್ರಪ್ಪ ಕೇಳಿದರೆ, "ಒಬ್ಬರ ನಗು ನಿಂತಿತು" ಎಂದರು.

ಗದ್ದದ ಗಾಯ ಮಾಯ್ದ ಮೇಲೆ ಅಕ್ಷರಾ ಮತ್ತೆ ಆಸೆಪಟ್ಟಳು. ಮರುವರ್ಷದ ಆಯ್ಕೆಗೆ ಹೊಸ ಬ್ಲೇಡ್ ಬೇಕಿತ್ತು. ದುರ್ಗಿಗುಡಿಯ ಕಡೆ ಜ್ಞಾನೇಶ್ ಎಂಬುವರು ಸ್ಕೇಟಿಂಗ್ ಸಾಮಾನು ತರಿಸಿ, ಬೂಟಿಗೆ ಕೂರಿಸಿಕೊಡುತ್ತಿದ್ದರು. ಜಯಶೀಲಮ್ಮ ಮೊಮ್ಮಗಳನ್ನು ಕರೆದುಕೊಂಡು ಹೋದರು. ಸೆರಗಿನ ಮರೆಯಲ್ಲಿ ಪಟ್ಟಿಯೂ ಇತ್ತು.

"ಒಂದು ಸೈಜ್ ದೊಡ್ಡದೇ ಕೊಡಪ್ಪ. ಬೆಳೆಯೋ ಹುಡುಗಿ."

"ಸ್ಕೂಲ್ ಯೂನಿಫಾರಂ ಅಲ್ಲಮ್ಮ, ಮಡಚಿ ಹೊಲಿಯೋಕೆ," ಎಂದು ಜ್ಞಾನೇಶ್ ನಕ್ಕರು. ಆದರೆ ಆ ನಗುವಿನಲ್ಲಿ ಮುಳ್ಳಿರಲಿಲ್ಲ. ಅವರು ಬೂಟನ್ನು ಬೋರಲು ಹಾಕಿ ಅಟ್ಟೆ ಅಳೆದರು. "ಬ್ಲೇಡ್ ಇದಕ್ಕಿಂತ ಚೂರು ಗಿಡ್ಡ ಇರಬೇಕು. ಬ್ಲೇಡಿನ ಮುಂದಿನ ತುದಿಯ ಈ ಗರಗಸದ ಹಲ್ಲು ಇವಳಿಗೆ ಸಣ್ಣದೇ ಸಾಕು, ದೊಡ್ಡ ಹಲ್ಲು ಕಾಲಿಗೆ ಸಿಕ್ಕಿ ಮುಗ್ಗರಿಸ್ತಾಳೆ. ದೊಡ್ಡೋರ ಬ್ಲೇಡ್ ನೋಡಿ ಆಸೆ ಪಡಬಾರದು."

ಹಾಗೆಂದು ಒಂದು ಬ್ಲೇಡ್ ತೆಗೆದುಕೊಟ್ಟರು. ಜಯಶೀಲಮ್ಮ ಪಟ್ಟಿ ಇಟ್ಟು ಬಾಗಿಲಿನ ಬೆಳಕಿಗೆ ಹಿಡಿದರು. ಹಿಂದೆ ಬೆಳಕು, ಮುಂದೆ ಬೆಳಕು. "ಇದೂ ಸೊಟ್ಟ," ಎಂದರು. ಇನ್ನೊಂದು ಜೊತೆ ಬಂತು, ಅದೂ ಸೊಟ್ಟ. ಮೂರನೆಯದೂ ಹಾಗೆಯೇ.

"ಸೊಟ್ಟ ಅಲ್ಲಮ್ಮ, ತೊಟ್ಟಿಲ ಬಾಗಿದ ಕಾಲಿದ್ದ ಹಾಗೆ. ನೆಟ್ಟಗಿದ್ರೆ ತಿರುಗೋದು ಹೆಂಗೆ? ಬೆಳಕು ಬರಲೇಬೇಕು, ಬರದಿದ್ರೆ ಅದು ಕೆಟ್ಟ ಬ್ಲೇಡ್." ಜ್ಞಾನೇಶ್ ಅಕ್ಷರಾಳ ಚೀಲದಲ್ಲಿದ್ದ ಹಳೆಯದನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ ನೋಡಿ ಬೆಚ್ಚಿದರು. "ಅಯ್ಯೋ! ಯಾವ ಪುಣ್ಯಾತ್ಮ ಇದನ್ನ ಉಜ್ಜಿ ನೆಟ್ಟಗೆ ಮಾಡಿದ್ದು? ಕೈ ಕೆಲಸ ಮಾತ್ರ ಭಾರಿ ಅಚ್ಚುಕಟ್ಟು."

"ಗೊತ್ತಿಲ್ಲ ಅಂಕಲ್," ಎಂದಳು ಅಕ್ಷರಾ ಥಟ್ಟನೆ.

ಜಯಶೀಲಮ್ಮ ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಸುಳ್ಳು ಹೇಳ್ಬೇಡ. ನಾನು."

ನವುಲೆಯ ಬಸ್ಸಿನಲ್ಲಿ ಹುಡುಗಿ ಪಿಸುಗುಟ್ಟಿದಳು: "ನಾನು ಯಾರಿಗೂ ಹೇಳಲ್ಲ ಅಜ್ಜಿ. ಜ್ಞಾನೇಶ್ ಅಂಕಲ್‌ಗೂ ಹೇಳ್ಬೇಡಿ ಅಂದಿದೀನಿ."

ಅಜ್ಜಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಜಗಳ ಯಾರ ಮೇಲೆ ಅಂತ ಈಗ ಗೊತ್ತಾಯ್ತು," ಎಂದರು. "ಅವಳನ್ನ ನಾನು ಸುಮ್ನೆ ಬಿಡಲ್ಲ."

ಬಿಡಲೂ ಇಲ್ಲ. ಮುಂದಿನ ಗುರುವಾರದಿಂದ ಅದೇ ಬಸ್ಸು, ಅದೇ ಒಂಬತ್ತು ಮನೆ. ಈಗ ಸಾಣೆಕಲ್ಲಿನ ಬದಲು ಹಳೆಯ ಬ್ಲೇಡ್ ಮತ್ತು ಪಟ್ಟಿ. ಒಬ್ಬಾಕೆ ಕಾಫಿ ಕೊಟ್ಟು, "ಬಿಡಿ ಅಮ್ಮಾ, ಹಳೇ ವಿಷ್ಯ" ಎಂದರು.

"ಬಿಡೋಕೆ ಅಪ್ಪಣೆ ಕೇಳಿದ್ನಾ? ಬೆಳಕಿಗೆ ಹಿಡೀರಿ. ಬೆಳಕು ಕಾಣ್ತಾ? ಕಾಣಲ್ಲ ಅಲ್ವಾ? ಅದೇ ನನ್ನ ಕೆಲಸ. ಮೇಷ್ಟ್ರದಲ್ಲ. ಹೇಳಿ ಮತ್ತೆ, ಯಾರ ಕೆಲಸ?"

ಆಕೆಯ ಬಾಯಲ್ಲಿ "ನಿಮ್ಮದು" ಎನ್ನಿಸಿಯೇ ಎದ್ದರು. ಒಂಬತ್ತು ಮನೆಯಲ್ಲೂ ಹೀಗೆಯೇ. ಇಬ್ಬರು ತಾಯಂದಿರು ಗುರುಪ್ರಸಾದ್‌ಗೆ ಫೋನ್ ಮಾಡಿದರಂತೆ. ಉಳಿದವರ ಮಕ್ಕಳು ಆಗಲೇ ಕರಾಟೆ, ಡ್ಯಾನ್ಸ್ ಎಂದು ಸೇರಿಯಾಗಿತ್ತು. ಹೋದ ದಾರಿಯಲ್ಲೇ ಹಿಂದಿರುಗಿದರೂ ಮುರಿದದ್ದು ಪೂರ್ತಿ ಕೂಡಿಬರಲಿಲ್ಲ.

ಅಷ್ಟರಲ್ಲಿ ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಬಂತು. ಮಗಳ ಮನೆಯೇ ಇನ್ನು ಮನೆ. ಸಾಣೆಕಲ್ಲನ್ನು ಬಸ್ ಸ್ಟ್ಯಾಂಡಿನ ಕ್ಷೌರದಂಗಡಿಯವನಿಗೆ ಕೊಟ್ಟರು. ಗಂಟುಮೂಟೆಯೆಲ್ಲ ಬೆಳಿಗ್ಗೆಯೇ ಆಟೋದಲ್ಲಿ ಹೋಯಿತು. ಒಂಬತ್ತು ಮನೆ ಮುಗಿದಿತ್ತು, ಹತ್ತನೆಯದು ಉಳಿದಿತ್ತು. ಬ್ಲೇಡನ್ನೂ ಪಟ್ಟಿಯನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬೀಗ ಹಾಕಿದರು.

ಬೀಗದಕೈ ಇಸಿದುಕೊಳ್ಳುತ್ತ ರಾಮಚಂದ್ರಪ್ಪ ಕೇಳಿದರು, "ನೇರ ಮಗಳ ಮನೆಗಾ?"

"ಇಲ್ಲ. ಮೊದಲು ಗುರುಪ್ರಸಾದ್ ಮನೆಗೆ."

"ಕ್ಷಮೆ ಕೇಳೋಕಾ?"

"ಕೇಳಿದ್ರೆ ಕೊಟ್ಟುಬಿಡ್ತಾರೆ ಆ ಮನುಷ್ಯ. ಅಷ್ಟು ಅಗ್ಗಕ್ಕೆ ಇವಳನ್ನ ಬಿಡಬಾರದು." ಜಯಶೀಲಮ್ಮ ತನ್ನ ಎದೆಗೆ ತಾನೇ ಬೆರಳು ತಿವಿದುಕೊಂಡರು. "ಅವರ ಮನೆ ಅಂಗಳದಲ್ಲಿ ನಿಂತ್ಕೊಂಡು, ಆ ಮಗು ಶ್ರೀಗೌರಿ ಮುಂದೆ, ಅಕ್ಕಪಕ್ಕದವರು ಕೇಳೋ ಹಾಗೆ ಬೈಯಿಸ್ಕೋತೀನಿ. ಅವರು ಬೈಯದಿದ್ರೆ, ಬೈಯೋವರೆಗೂ ಪ್ರತಿ ಗುರುವಾರ ಹೋಗ್ತೀನಿ. ಈಗ ಹತ್ತಿರವೇ ಆಯ್ತಲ್ಲ."

ಜಗಲಿಯ ಮೇಲೆ ರಾಮಚಂದ್ರಪ್ಪನಿಗೆಂದು ಇಟ್ಟಿದ್ದ ಸಾರಿನ ಬಟ್ಟಲು ಇನ್ನೂ ಬಿಸಿಯಾಗಿತ್ತು. ಪಕ್ಕದಲ್ಲಿ ಉಪ್ಪಿನ ಪೊಟ್ಟಣವೂ ಇತ್ತು. ಜಯಶೀಲಮ್ಮ ಮೂರು ಮೆಟ್ಟಿಲು ಇಳಿದು, ಸಾಣೆಕಲ್ಲು ಇದ್ದ ಜಾಗದ ಬೂದು ಕಲೆಯನ್ನು ದಾಟಿ, ಶಿವಮೊಗ್ಗದ ಬಸ್ಸಿಗೆ ನಡೆದರು.